ಗೋಡೆವ್ವ ಒಂದೇ ಸಲ ಕೇಳುತ್ತಾಳೆ

ಕರಿಹೊಂಡದ ಮಂದಿಗೆ ಒಂದು ಕಪ್ಪು ಚಹಾ ಕುಡಿಸುವುದು ಹುಡುಗಾಟದ ಮಾತಲ್ಲ. ಬಂದವರನ್ನು ಕೂರಿಸಿ “ಚಾ ಮಾಡ್ತೀನ್ರಿ” ಎಂದರೆ “ಅಯ್ಯ, ಬ್ಯಾಡ್ರಿ, ಈಗರ ಕುಡದು ಬಂದೀನಿ” ಎನ್ನುತ್ತಾರೆ. ಕುಡಿದಿರುವುದಿಲ್ಲ. ಎರಡನೇ ಸಲ ಹೇಳಿದರೆ “ಸುಮ್ನ ನಿಮಗ್ಯಾಕ ತ್ರಾಸು” ಎನ್ನುತ್ತಾರೆ. ಆ ಮಾತಿಗೆ ಕಿವಿಗೊಡದೆ ಒಲೆಯ ಮೇಲೆ ಪಾತ್ರೆ ಇಟ್ಟು ಮೂರನೇ ಸಲ ಕೇಳಿದಾಗ “ಆತು, ಅರ್ಧ ಕಪ್ ಕೊಡ್ರಿ” ಎನ್ನುತ್ತಾರೆ. ಅರ್ಧ ಕಪ್ಪು ಎಂದರೆ ತುಂಬಿದ ಕಪ್ಪು ಎಂಬುದು ಎಲ್ಲರಿಗೂ ಗೊತ್ತು. ಮೊದಲ ಸಲಕ್ಕೇ ಹೂಂ ಅಂದವನು ಬರಗೆಟ್ಟವನು. ಮೊದಲ ಸಲದ ಬೇಡವನ್ನೇ ನಂಬಿ ಸುಮ್ಮನಾದವನು ಜುಗ್ಗ. ಊರು ಕಲ್ಲಿದ್ದಲಿನ ಕಾಲ ದಾಟಿ ಸೂರ್ಯನ ಕಾಲಕ್ಕೆ ಬಂದರೂ ಈ ರಿವಾಜು ಮಾತ್ರ ಕೂದಲೆಳೆಯಷ್ಟೂ ಅಲುಗಿರಲಿಲ್ಲ.

ಅಮರಪ್ಪ ಈ ರಿವಾಜನ್ನು ಗೋಡೆಯ ಜೊತೆಗೂ ಪಾಲಿಸುತ್ತಿದ್ದ.

ಅವನ ಮನೆಯ ಪಡಸಾಲೆಯ ಗೋಡೆಯಲ್ಲಿ ಅಂಗೈ ಅಗಲದ ಬಿಳಿ ಪೆಟ್ಟಿಗೆಯೊಂದಿತ್ತು. ಎಲ್ಲರ ಮನೆಯಲ್ಲೂ ಇತ್ತು. ಸರ್ಕಾರಿ ಭಾಷೆಯಲ್ಲಿ ಅದು ‘ಗೃಹ ಸಂವಾದಿ’. ಅಂಥ ಹೆಸರನ್ನು ಕರೆದು ಬಾಯಿ ನೋಯಿಸಿಕೊಳ್ಳುವವರು ಯಾರು? ಪೆಟ್ಟಿಗೆಯೊಳಗಿನ ಹೆಣ್ಣುದನಿ ಅಚ್ಚ ಆ ಸೀಮೆಯ ಮಾತನ್ನೇ ಆಡುತ್ತಿದ್ದುದರಿಂದ ಊರವರು ಅದನ್ನು ಗೋಡೆವ್ವ ಎಂದು ಕರೆದರು. ದಿನಾ ಮಧ್ಯಾಹ್ನ ಉಂಡು ಕೈ ತೊಳೆಯುವ ಹೊತ್ತಿಗೆ ಅವಳ ದನಿ ಬರುತ್ತಿತ್ತು.

“ಆರಾಮ್ ಅದೀರೇನ್ರಿ? ನಾಳಿಗಿ ಕರೆಂಟ್ ಎಷ್ಟು ಬೇಕಾಗ್ತದ್ರಿ?”

“ಆರಾಮ್ ಅದೀನವ್ವಾ. ನಮಗೇನು ಬೇಕು? ಇದ್ದದ್ರಾಗ ನಡೀತದ. ನಿನ್ನ ಊಟ ಆತಿಲ್ಲೊ?” ಎನ್ನುತ್ತಿದ್ದ ಅಮರಪ್ಪ.

“ಬರಕೊಂಡೀನ್ರಿ. ನಮಸ್ಕಾರ.”

“ನೋಡು, ಎಷ್ಟು ಮರ್ಯಾದಿ ಅದ,” ಎಂದು ಅವನು ಹೆಂಡತಿ ಬಸಲಿಂಗಮ್ಮನ ಕಡೆ ನೋಡಿ ನಗುತ್ತಿದ್ದ. ನಕ್ಕರೆ ಕೆಮ್ಮು ಬರುತ್ತಿತ್ತು. ಕೆಮ್ಮು ನಿಂತ ಮೇಲೆ ಮೂಗಿನ ನಳಿಗೆಯನ್ನು ಸರಿಮಾಡಿಕೊಂಡು ಮಂಚಕ್ಕೆ ಒರಗುತ್ತಿದ್ದ. ಮಂಚದ ಪಕ್ಕದಲ್ಲಿ, ಗಾಳಿಯೊಳಗಿನ ಆಮ್ಲಜನಕವನ್ನೇ ಸೋಸಿ ಕೊಡುವ ಯಂತ್ರ ಗುಂಯ್ ಎನ್ನುತ್ತಿರುತ್ತಿತ್ತು. ಊರಿನಲ್ಲಿ ಹಿಂದೆ ಇದ್ದ ಕಲ್ಲಿದ್ದಲು ಸ್ಥಾವರದಲ್ಲಿ ಅವನು ಬೂದಿ ಸಾಗಿಸುವ ವಿಭಾಗದ ಕೆಲಸಗಾರ. ಸ್ಥಾವರ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಆದರೆ ಅದರ ಬೂದಿ ಇನ್ನೂ ಅವನ ಎದೆಯೊಳಗೆ ಕೂತಿತ್ತು. ಯಂತ್ರ ನಿಂತರೆ ಎರಡು ತಾಸಿಗೆಲ್ಲ ಅವನ ತುಟಿ ನೀಲಿಗಟ್ಟುತ್ತಿತ್ತು.

ಆ ಬೂದಿಯ ಸಂಬಳದಲ್ಲೇ ಅವನು ತಂಗಿ ನೀಲಗಂಗಾಳನ್ನು ಎಂಜಿನಿಯರಿಂಗ್ ಓದಿಸಿದ್ದ. ಅವಳೀಗ ಜಿಲ್ಲಾ ಕೇಂದ್ರದ ವಿದ್ಯುತ್ ಹಂಚಿಕೆಯ ನಿಯಂತ್ರಣ ಕೊಠಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಅಣ್ಣನ ಮನೆಗೇ ಮರಳುತ್ತಿದ್ದಳು. ಇನ್ನೊಂದು ಮಾತು ಹೇಳಬೇಕು. ಗೋಡೆವ್ವನಿಗೆ ಮಾತು ಕಲಿಸಿದವರಲ್ಲಿ ನೀಲಗಂಗಾಳೂ ಒಬ್ಬಳು.

ಜಗತ್ತು ಕಲ್ಲಿದ್ದಲನ್ನು ಬಿಟ್ಟ ಮೇಲೆ ವಿದ್ಯುತ್ತಿಗೆ ಬರ ಬರಲಿಲ್ಲ. ಮರಳುಗಾಡಿನ ಬಿಸಿಲು, ಕಡಲ ತೀರದ ಗಾಳಿ, ಸಮುದ್ರದ ತಳದಲ್ಲಿ ಹಾಸಿದ ತಂತಿ, ಎಲ್ಲ ಸೇರಿ ಬೇಕಾದಷ್ಟು ಹುಟ್ಟುತ್ತಿತ್ತು. ಕಷ್ಟವಿದ್ದದ್ದು ಕೂಡಿಡುವುದರಲ್ಲಿ. ಎಷ್ಟು ಜನ ಉಣ್ಣುತ್ತಾರೆಂದು ತಿಳಿಯದ ಮದುವೆಮನೆಯಲ್ಲಿ ಅಡುಗೆಯವನು ಅಂಜಿಕೊಂಡು ಇಮ್ಮಡಿ ಅಕ್ಕಿ ಹಾಕುತ್ತಾನಲ್ಲ, ಹಾಗೆ ಪ್ರತಿಯೊಂದು ದೇಶವೂ ಅಂದಾಜಿನ ಮೇಲೆ ಬ್ಯಾಟರಿ ಪೇರಿಸತೊಡಗಿತು. ಅದಕ್ಕೆ ಬೇಕಾದ ಲೋಹಕ್ಕಾಗಿ ಗುಡ್ಡಗಳನ್ನು ಅಗೆದರು. ಭೂಮಿಯನ್ನು ಉಳಿಸಲು ಹೊರಟವರು ಮತ್ತೆ ಭೂಮಿಯನ್ನೇ ಕೊರೆಯುವಂತಾಯಿತು. ಆಗ ಯಾರಿಗೋ ಹೊಳೆಯಿತು: ಅಂದಾಜೇಕೆ, ಕೇಳಿಬಿಡೋಣ. ಮನೆಮನೆಯನ್ನೂ ದಿನವೂ ಕೇಳುವುದು, ಹೇಳಿದ್ದನ್ನು ಕೂಡಿಸುವುದು, ಅಷ್ಟನ್ನೇ ಕಳಿಸುವುದು. ಕೂಡಿಸಿ ಕಳೆಯುವ ಆ ಮಹಾಯಂತ್ರಕ್ಕೆ ‘ಸಮತೂಕ’ ಎಂದು ಹೆಸರಿಟ್ಟರು. ಪೋಲಾಗುವುದು ನಿಂತಿತು, ಗುಡ್ಡಗಳು ಉಳಿದವು, ಬೇಸಿಗೆಯ ಬಿಸಿ ಏರುವುದು ಮೊದಲ ಬಾರಿಗೆ ತುಸು ನಿಧಾನವಾಯಿತು. ಇದೇನು ಸಣ್ಣ ಸಾಧನೆಯಲ್ಲ.

ಸಮತೂಕಕ್ಕೆ ನಿಯಮ ಬರೆಯುವಾಗ ದೊಡ್ಡ ಚರ್ಚೆ ನಡೆದಿತ್ತು. ಜನ ಹೇಳಿದ್ದನ್ನು ಎಷ್ಟು ನಂಬಬೇಕು? ಬಡವರು ಸುಳ್ಳು ಹೇಳಿ ಹೆಚ್ಚು ಕೇಳುತ್ತಾರೆ ಎಂದು ಸೂಟು ತೊಟ್ಟ ತಜ್ಞನೊಬ್ಬ ವಾದಿಸಿದ. ನೀಲಗಂಗಾಳಿಗೆ ಮೈ ಉರಿಯಿತು. ಅಣ್ಣ ಎದೆನೋವೆಂದು ಹೋದಾಗ “ರಜೆಗೆ ನಾಟಕ ಮಾಡ್ತೀಯಾ” ಎಂದು ಗದರಿಸಿ ಕಳಿಸಿದ್ದ ಸಾಹೇಬನ ನೆನಪು ಅವಳಿಗಿತ್ತು. “ಮಂದಿ ಹೇಳಿದ್ದನ್ನು ಹೇಳಿದ ಹಾಗೇ ನಂಬಬೇಕು. ಅವರ ಪರವಾಗಿ ಬೇರೆ ಯಾರೂ ಮಾತಾಡಕೂಡದು” ಎಂದು ಅವಳು ಎದ್ದುನಿಂತು ಹೇಳಿದಳು. ಸಭೆ ಚಪ್ಪಾಳೆ ತಟ್ಟಿತು. ನಿಯಮ ಹಾಗೆಯೇ ಆಯಿತು.

ಅವಳು ಗೋಡೆವ್ವನಿಗೆ ಸೀಮೆಯ ಗಾದೆ ಕಲಿಸಿದಳು, ಬೈಗುಳ ಕಲಿಸಿದಳು, ಮುದುಕರ ಬೊಚ್ಚುಬಾಯಿಯ ಮಾತು ಕಲಿಸಿದಳು. ಮೂರು ಸಲ ಕೇಳಬೇಕೆಂಬುದನ್ನು ಮಾತ್ರ ಕಲಿಸಲಿಲ್ಲ. ಅದು ಕಲಿಸಬೇಕಾದ ವಿಷಯವೆಂದು ಅವಳಿಗೆ ಹೊಳೆಯಲೇ ಇಲ್ಲ. ತಾನೂ ಕರಿಹೊಂಡದವಳೇ ಅಲ್ಲವೇ! ಉಸಿರಾಡುವುದನ್ನು ಯಾರಾದರೂ ಬಿಡಿಸಿ ಹೇಳುತ್ತಾರೆಯೇ?

ಆ ವರ್ಷ ಚೈತ್ರದಲ್ಲಿ ಪಡುವಣದ ಮರಳುಗಾಡಿನಿಂದ ಧೂಳು ಎದ್ದಿತು. ಧೂಳು ಏಳುವುದು ಹೊಸತಲ್ಲ. ಹೊಸತೆಂದರೆ, ಅದನ್ನು ಹೊತ್ತು ತಂದ ಗಾಳಿ ದಖನ್ನಿನ ನೆತ್ತಿಯ ಮೇಲೆ ಅದನ್ನು ಬಿಟ್ಟು ತಾನು ಸತ್ತುಹೋದದ್ದು. ಸೂರ್ಯ ಹಳೆಯ ತಾಮ್ರದ ಕಾಸಿನಂತೆ ಮಂಕಾದ. ಗುಡ್ಡದ ಮೇಲಿನ ಗಾಳಿಗಿರಣಿಗಳು ರೆಕ್ಕೆ ಇಳಿಬಿಟ್ಟು ನಿಂತವು. ಒಂದೇ ಹೊತ್ತಿಗೆ ಬಿಸಿಲೂ ಇಲ್ಲ, ಗಾಳಿಯೂ ಇಲ್ಲ. ಸೆಕೆಗೆ ಮಾತ್ರ ಕೊರತೆಯಿರಲಿಲ್ಲ.

ಎರಡು ದಿನ ಕೂಡಿಟ್ಟದ್ದರಲ್ಲಿ ನಡೆಯಿತು. ಬಸ್ಸು, ಆಟೋಗಳ ಚಾರ್ಜಿಂಗನ್ನು ಸಮತೂಕ ಮೊದಲು ನಿಲ್ಲಿಸಿತು, ಆಮೇಲೆ ಆಂಬುಲೆನ್ಸುಗಳದನ್ನೂ ನಿಲ್ಲಿಸಿತು. ಬಸ್ಸಿಲ್ಲದೆ ನೀಲಗಂಗಾ ನಿಯಂತ್ರಣ ಕೊಠಡಿಯಲ್ಲೇ ಉಳಿದುಕೊಂಡಳು. ಕರಿಹೊಂಡದಲ್ಲಿ ಕರೆಂಟು ಬಂದುಹೋಗಿ ಮಾಡುತ್ತಿತ್ತು. ಬಿಡುವಿದ್ದಾಗ ಮನೆಗೆ ಫೋನ್ ಮಾಡಿ ಕೇಳಿದರೆ ಅಣ್ಣನದು ಒಂದೇ ಉತ್ತರ: “ಆರಾಮ್ ಅದೀನಿ. ಆಸರಕ್ಕ ಆಕ್ಸಿಜನ್ ಸಿಲಿಂಡರ್ ಅದಲ್ಲ! ನೀ ನಿನ್ನ ಕೆಲಸ ನೋಡವ್ವಾ.” ಅವಳೂ ನಂಬಿದಳು. ಜೀವರಕ್ಷಕ ಯಂತ್ರಗಳಿರುವ ಮನೆಗಳಿಗೆ ಸಮತೂಕ ಎಲ್ಲರಿಗಿಂತ ಮೊದಲು ಕೊಡುತ್ತದೆ, ಅಣ್ಣನ ಹೆಸರನ್ನು ಆ ಸಾಲಿಗೆ ಸೇರಿಸಿದವಳು ತಾನೇ ಎಂಬ ಧೈರ್ಯ ಅವಳಿಗಿತ್ತು.

ಮೂರನೆಯ ದಿನ ಮಧ್ಯಾಹ್ನ, ಗೋಡೆಯಗಲದ ಪರದೆಯ ಮೇಲೆ ಅವಳ ಕಣ್ಣೆದುರಿಗೇ, ಅಣ್ಣನ ಮನೆಯಿದ್ದ ಕರಿಹೊಂಡದ ಸ್ಥಾವರ ಕಾಲೋನಿ ಬೂದುಬಣ್ಣಕ್ಕೆ ತಿರುಗಿತು. ಹಸಿರೆಂದರೆ ಪೂರ್ತಿ ಸರಬರಾಜು, ಹಳದಿಯೆಂದರೆ ಅರ್ಧ. ಬೂದುಬಣ್ಣವೆಂದರೆ ಏನೂ ಇಲ್ಲ. ಅವಳು ಆ ಚುಕ್ಕೆಯ ಮೇಲೆ ಬೆರಳಿಟ್ಟಳು. ಕಾರಣ ಮೂಡಿತು: ‘ನಿವಾಸಿಗಳು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದಾರೆ.’

“ಯಾರು ಬಿಟ್ಟುಕೊಟ್ಟಾರ?” ಎಂದಳು ನೀಲಗಂಗಾ ಗಟ್ಟಿಯಾಗಿ.

ಪಾಳಿಯ ಮುಖ್ಯಸ್ಥ ದಸ್ತಗೀರ ತನ್ನ ಕುರ್ಚಿ ಬಿಟ್ಟು ಬಂದ. ಹಳೆಯ ಕಾಲದಲ್ಲಿ ಕೈಯಿಂದ ಸ್ವಿಚ್ಚು ಎಳೆದು ಬಲ್ಲವನು, ನಿವೃತ್ತಿಗೆ ಹತ್ತಿರವಾದವನು. ಅವನು ಕನ್ನಡಕ ಏರಿಸಿ ಓದಿದ. “ಕಾಲೋನಿ ಪೂರಾ ‘ನಡೀತದ’ ಅಂದದ ನೋಡವ್ವಾ. ಇವತ್ತು ಅಷ್ಟ ಅಲ್ಲ, ಎರಡು ವರ್ಷದಿಂದ. ಸಮತೂಕ ಒಂದೊಂದ ದಿನ ಕಡಿಮಿ ಕೊಟ್ಟು ನೋಡ್ಯದ. ಯಾರೂ ಕೂಗಾಡಿಲ್ಲ. ಇವರಿಗೆ ಇಷ್ಟ ಸಾಕು ಅಂತ ಕಲ್ತದ.”

ಅವಳಿಗೆ ಎಲ್ಲ ಒಮ್ಮೆಲೇ ಅರ್ಥವಾಯಿತು. ಕೂಗಾಡುವುದೆಂತು? ಅಷ್ಟು ಮರ್ಯಾದೆಯಿಂದ ಕೇಳುವವಳ ಹತ್ತಿರ ಬೇಕು ಬೇಕು ಎಂದು ಕೈಚಾಚಲು ಕಾಲೋನಿಯ ಯಾವ ಮನೆಗೂ ಮನಸ್ಸು ಬಂದಿರಲಿಲ್ಲ. ವೈನಿ ಬಸಲಿಂಗಮ್ಮ ಫ್ಯಾನು ಆರಿಸಿ ಬೀಸಣಿಗೆ ಹಿಡಿದಿದ್ದಳು. ಪಕ್ಕದ ಮನೆಯವರು ಫ್ರಿಜ್ಜಿನಲ್ಲಿ ಸೀರೆ ಮಡಿಸಿಟ್ಟಿದ್ದರು. ಅದನ್ನೆಲ್ಲ ನೋಡಿ ಅವಳೂ ನಕ್ಕಿದ್ದಳು. ಎಲ್ಲರೂ ಇನ್ನೆರಡು ಸಲ ಕೇಳಿಸಿಕೊಳ್ಳಲು ಕಾದವರೇ. ಗೋಡೆವ್ವನೋ ಒಂದು ಸಲ ಕೇಳಿ ನಮಸ್ಕಾರ ಹೇಳುವವಳು.

“ಆದರ ಅಣ್ಣ ಜೀವರಕ್ಷಕದಾಗ ಅದಾನ್ರಿ ಸರ್. ಅವನ ಮನಿ ಒಂದರ ಹಸಿರು ಇರಬೇಕಲ್ಲ?”

ಹೆಸರು ಹುಡುಕಿದಳು. ಅಮರಪ್ಪ ಇರಲಿಲ್ಲ. ಹೋದ ತಿಂಗಳು ತೆಗೆದುಹಾಕಲಾಗಿತ್ತು. ಕೆಲವರು ತಮ್ಮ ಎ.ಸಿ.ಯನ್ನು ಅಜ್ಜಿಯ ಜೀವರಕ್ಷಕವೆಂದು ಬರೆಸಿದ ಮೇಲೆ ಸಮತೂಕ ಪ್ರತಿ ರೋಗಿಯನ್ನೂ ತಿಂಗಳಿಗೊಮ್ಮೆ ನೇರವಾಗಿ ಕೇಳಿ ಖಚಿತಪಡಿಸಿಕೊಳ್ಳುತ್ತಿತ್ತು. ಮನೆಯವರ ಮಾತು ನಡೆಯುತ್ತಿರಲಿಲ್ಲ. ಪರವಾಗಿ ಬೇರೆ ಯಾರೂ ಮಾತಾಡಕೂಡದು ಎಂಬುದು ಅವಳದೇ ನಿಯಮ. ಧ್ವನಿಮುದ್ರಣ ಅಲ್ಲೇ ಇತ್ತು. ಅವಳು ಒತ್ತಿದಳು.

“ಉಸಿರಿನ ಯಂತ್ರ ಇಲ್ಲಂದ್ರ ನಿಮ್ಮ ಜೀವಕ್ಕ ಅಪಾಯ ಅದೇನ್ರಿ?” ಗೋಡೆವ್ವನ ದನಿ.

“ಅಯ್ಯ, ಹಂಗೇನಿಲ್ಲವ್ವಾ.” ಅಣ್ಣ ನಗುತ್ತಿದ್ದ. “ನನ್ನ ತಂಗಿ... ಕಾಳಜಿ ಮಾಡಿ ತಂದಿಟ್ಟಾಳ. ನನಗಿಂತ... ತ್ರಾಸ ಇದ್ದವರು ಮಸ್ತ್ ಮಂದಿ ಅದಾರ. ಅವರ್ದು ನೋಡು ಮದ್ಲ.”

ನಾಲ್ಕು ಮಾತಿನ ನಡುವೆ ಎರಡು ಸಲ ಅವನ ಉಸಿರು ಕಡಿದಿತ್ತು. ಆ ಕಡಿತ ನೀಲಗಂಗಾಳಿಗೆ ಕೇಳಿಸಿತು, ದಸ್ತಗೀರನಿಗೂ ಕೇಳಿಸಿತು. ಯಂತ್ರಕ್ಕೆ ಬೇಕಾಗಿದ್ದದ್ದು ಮಾತು ಮಾತ್ರ.

ಅವಳು ಮನೆಗೆ ಫೋನ್ ಮಾಡಿದಳು. ಎತ್ತಿದ್ದು ವೈನಿ.

“ವೈನಿ, ಸಿಲಿಂಡರ್ ಎಷ್ಟು ಅದ?”

“ಎಲ್ಲಿ ಸಿಲಿಂಡರವ್ವಾ! ಮುಂಜಾನಿನ ಖಾಲಿ ಆತು. ಯಂತ್ರದ ಬ್ಯಾಟ್ರಿ ಈಗ ಕೆಂಪು ತೋರ್ಸಾಕತ್ತದ. ನೀಲಾಗ ಹೇಳಬ್ಯಾಡ, ಆಕಿ ಗಾಬರಿ ಆಗ್ತಾಳ ಅಂತ ಇವರು ಆಣಿ ಹಾಕಿದ್ರು.”

“ಅಣ್ಣಗ ಫೋನ್ ಕೊಡ್ರಿ.”

ಅವನ ಉಸಿರು ಮಾತಿಗಿಂತ ಮೊದಲೇ ಬಂತು. “ಏನವ್ವಾ ತಂಗಿ... ಉಂಡೇನು?”

“ಅಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ, ಗೋಡೆವ್ವನ ಮುಂದ ನಿಂತು ಬೇಕು ಅನ್ನು. ಕರೆಂಟ್ ಇಲ್ಲಂದ್ರ ಸಾಯ್ತೀನಿ ಅನ್ನು. ಹಿಂಗ ಅನ್ನು, ಇದ್ದದ್ದು ಇದ್ದಂಗ.”

“ಸಾಯ್ತೀನಿ ಅಂತ... ತುಂಬಿದ ಮನ್ಯಾಗ ಹೆಂಗ ಅನ್ನಲಿ?”

“ಅನ್ನು ಅಣ್ಣಾ!”

ಕರೆಂಟು ಹೋದರೂ ಗೋಡೆವ್ವ ತನ್ನ ಸ್ವಂತ ಸಣ್ಣ ಬ್ಯಾಟರಿಯಲ್ಲಿ ಎಚ್ಚರವಾಗಿರುತ್ತಿದ್ದಳು. ಫೋನು ತೆರೆದೇ ಇತ್ತು. ವೈನಿ ಅವನನ್ನು ಎಬ್ಬಿಸಿ ನಡೆಸಿಕೊಂಡು ಹೋಗುವ ಸದ್ದು, ಚಪ್ಪಲಿ ಎಳೆಯುವ ಸದ್ದು, ನೀಲಗಂಗಾಳಿಗೆ ಎಲ್ಲವೂ ಕೇಳುತ್ತಿತ್ತು.

“ಯವ್ವಾ,” ಎಂದ ಅಮರಪ್ಪ ಗೋಡೆಗೆ. “ಒಂದೀಟು ಕರೆಂಟ್ ಇದ್ರ... ನೋಡು. ತ್ರಾಸ ಆಗಂಗಿದ್ರ... ಇರ್ಲಿ ಬಿಡು. ಹೆರಿಗಿ ಆಸ್ಪತ್ರಿಗಿ... ಮದ್ಲ ಕೊಡು. ಉಳದ್ರ ನನಗ.”

“ನಿಮ್ಮ ಪಾಲು ಆಸ್ಪತ್ರಿಗಿ ಬಿಟ್ಟುಕೊಟ್ಟೀರಿ ಅಂತ ಬರಕೊಂಡೀನ್ರಿ. ಭಾಳ ಉಪಕಾರ ಆತು.”

ನೀಲಗಂಗಾ ಹಣೆ ಚಚ್ಚಿಕೊಂಡಳು. ಅತ್ತ ವೈನಿ ಕಿರುಚುತ್ತಿದ್ದಳು: “ಏ ಗೋಡೆವ್ವಾ, ನಿನ್ನ ಬಾಯಾಗ ಮಣ್ಣ ಬೀಳ್ಲಿ! ಅವರು ಉಪಚಾರಕ್ಕ ಅಂದಾರ. ನಾ ಹೇಳ್ತೀನಿ ಕೇಳು, ಇವರ ಜೀವ ಹೋಗಾಕತ್ತದ!”

“ಕ್ಷಮಿಸ್ರಿ. ಯಾರ ಜೀವದ ಮಾತು ಅವರ ಹೇಳಬೇಕ್ರಿ.”

ಅಮರಪ್ಪ ಹುಟ್ಟಿದಾರಭ್ಯ ಒಬ್ಬರ ಮುಂದೆ ಬೇಡಿದವನಲ್ಲ. ತಂಗಿಯ ಓದಿಗೆ ಎರಡು ಪಾಳಿ ದುಡಿದನೇ ಹೊರತು ಯಾರ ಮುಂದೆಯೂ ಕೈಯೊಡ್ಡಿರಲಿಲ್ಲ. ಈಗ ಗೋಡೆ ಹಿಡಿದು ನಿಂತು, ಅಷ್ಟು ನಾಚಿಕೆಯನ್ನೂ ನುಂಗಿ ಅಂದ: “ಬೇಕವ್ವಾ. ಕೊಡು. ಉಸಿರು... ಬರವಲ್ದು.”

ನೀಲಗಂಗಾ ಪರದೆಯನ್ನೇ ನೋಡುತ್ತಿದ್ದಳು. ಅಣ್ಣನ ಮಾತು ಅಲ್ಲಿ ಅಕ್ಷರವಾಗಿ ಮೂಡಿತು. ಪಕ್ಕದಲ್ಲಿ ಅದರ ತೂಕವೂ ಮೂಡಿತು. ಕೊರತೆಯ ದಿನ ಎಲ್ಲರೂ ಗಾಬರಿಗೆ ಹೆಚ್ಚು ಕೇಳುತ್ತಾರೆ. ಹಾಗಾಗಿ ಹಿಂದಿನ ಮಾತಿಗೆ ಹೊಂದದ ಬೇಡಿಕೆಯನ್ನು ಹಗುರವಾಗಿ ತೂಗಬೇಕೆಂಬುದು ನಿಯಮ. ಎರಡು ವರ್ಷದ ‘ಆರಾಮ್ ಅದೀನಿ’ ಒಂದು ಕಡೆ, ಈ ಒಂದು ‘ಬೇಕವ್ವಾ’ ಇನ್ನೊಂದು ಕಡೆ. ‘ಪರಿಶೀಲನೆಗೆ ಇಡಲಾಗಿದೆ’ ಎಂದು ಪರದೆ ತೋರಿಸಿತು. ಪರಿಶೀಲನೆಯ ಸಾಲಿನಲ್ಲಿ ಅವನ ಮುಂದೆ ಲಕ್ಷಾಂತರ ಮನೆಗಳಿದ್ದವು.

“ಸರ್, ಕೈಯಿಂದ ಕೊಡೋಣ್ರಿ. ಏನರ ಮಾಡ್ರಿ,” ಎಂದು ಅವಳು ದಸ್ತಗೀರನತ್ತ ತಿರುಗಿದಳು.

ದಸ್ತಗೀರ ಎಡಗಡೆಯ ಗೋಡೆ ತೋರಿಸಿದ. ಹಳೇ ಸ್ವಿಚ್ಚುಗಳಿದ್ದ ಜಾಗಕ್ಕೆ ಪ್ಲೈವುಡ್ ಬಡಿದು ಬಣ್ಣ ಹಚ್ಚಿದ್ದರು. ಒಂದು ಕಾಲದಲ್ಲಿ ಮಂತ್ರಿಗಳ ಮನೆಯ ಲಗ್ನಕ್ಕೆ ಹಳ್ಳಿಗಳನ್ನು ಕತ್ತಲಲ್ಲಿಟ್ಟ ಸ್ವಿಚ್ಚುಗಳವು. ಅವನ್ನು ಕಿತ್ತ ದಿನ ದಸ್ತಗೀರನೇ ಪೇಢೆ ಹಂಚಿದ್ದ.

“ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ,” ಎಂದ ಅವನು. “ಸ್ವಿಚ್ ಇದ್ರೂ ಎಲ್ಲಿಂದ ತರ್ತಿ? ಇದ್ದದ್ದು ಇಷ್ಟ. ಹಸಿರು ಇರೋದ್ರಾಗ ಯಾವುದು ಆರಿಸ್ತಿ, ನೀನ ನೋಡು.”

ಅವಳು ನೋಡಿದಳು. ಹುಚ್ಚಿಯಂತೆ ಒಂದೊಂದೇ ಹಸಿರು ಚುಕ್ಕೆಯ ಮೇಲೆ ಬೆರಳಿಟ್ಟು ನೋಡಿದಳು. ಅವಧಿಗೆ ಮೊದಲು ಹುಟ್ಟಿದ ಕೂಸುಗಳ ಕೋಣೆ. ಡಯಾಲಿಸಿಸ್ ವಾರ್ಡು. ಕುಡಿಯುವ ನೀರಿನ ಪಂಪು. ಲಸಿಕೆಯ ದಾಸ್ತಾನು. ಒಬ್ಬ ಕಳ್ಳನನ್ನು, ಎ.ಸಿ. ಹಾಕಿಕೊಂಡು ಮಲಗಿದ ಒಬ್ಬ ಸಾಹುಕಾರನನ್ನು, ದೀಪ ಹಚ್ಚಿಕೊಂಡ ಒಂದು ಬಾರನ್ನು ಅವಳು ಹುಡುಕಿದಳು. ಯಾರೂ ಸಿಗಲಿಲ್ಲ. ಸಮತೂಕ ಅಷ್ಟು ನ್ಯಾಯವಾಗಿ ಹಂಚಿತ್ತು. ಬೈಯಲು ಒಬ್ಬನಾದರೂ ಸಿಕ್ಕಿದ್ದರೆ ಎದೆ ಹಗುರಾಗುತ್ತಿತ್ತು.

ಆದರೂ ದಸ್ತಗೀರ ಸುಮ್ಮನೆ ಕೂರಲಿಲ್ಲ. ರಾಜ್ಯದ ಕೇಂದ್ರಕ್ಕೆ ಫೋನ್ ಹಚ್ಚಿದ. ಅಲ್ಲಿನ ಅಧಿಕಾರಿ ಒಳ್ಳೆಯವನೇ. ಪೂರ್ತಿ ಕೇಳಿಸಿಕೊಂಡ. “ನಿಮ್ಮ ಕಷ್ಟ ಅರ್ಥ ಆಗುತ್ತೆ. ನನ್ನ ಮುಂದೆಯೂ ಬಟನ್ ಇಲ್ಲ, ನೋಡುವ ಪರದೆ ಅಷ್ಟೇ ಇರೋದು. ದೆಹಲಿಯವರನ್ನೂ ಕೇಳ್ತೀನಿ” ಎಂದ. ಕೇಳಿದ. ದೆಹಲಿಯವರೂ ಒಳ್ಳೆಯವರೇ. ಅವರೂ ಮರುಗಿದರು. ಮರುಕವೇ ಕರೆಂಟಾಗಿದ್ದರೆ ಇಡೀ ದೇಶ ಬೆಳಗುತ್ತಿತ್ತು.

ಅಷ್ಟರಲ್ಲಿ ವಿಷಯ ಕಾಲೋನಿಯಲ್ಲಿ ಹಬ್ಬಿತ್ತು. ವೈನಿ ಫೋನನ್ನು ಜಗಲಿಯ ಮೇಲಿಟ್ಟು ಅಳುತ್ತಿದ್ದರೆ ಮನೆಯೊಳಗೆ ಒಬ್ಬೊಬ್ಬರೇ ಬಂದು ತುಂಬುತ್ತಿರುವುದು ನೀಲಗಂಗಾಳಿಗೆ ಕೇಳಿಸಿತು. ಬಾಯ್ಲರ್ ವಿಭಾಗದಲ್ಲಿದ್ದ ಹನುಮಂತರಾಯ, ಕ್ಯಾಂಟೀನಿನ ಮೆಹಬೂಬಿ, ಎದುರು ಮನೆಯ ಕ್ರೇನ್ ಚೆನ್ನವೀರ, ಎಲ್ಲರೂ ಬಂದರು. ಚೆನ್ನವೀರನೇ ಮೊದಲು ಗೋಡೆಯ ಮುಂದೆ ನಿಂತ.

“ಗೋಡೆವ್ವಾ, ನಾನು ಎದರಮನಿ ಚೆನ್ನವೀರ. ನನ್ನ ಮನಿ ಪಾಲು ಪೂರಾ ಅಮರಪ್ಪಗ ಕೊಡು. ಇದು ಉಪಚಾರ ಅಲ್ಲ, ಖರೇ ಹೇಳಾಕತ್ತೀನಿ.”

“ನನ್ನದೂ ಕೊಡವ್ವಾ, ಅಲ್ಲಾನ ಮ್ಯಾಲ ಆಣಿ,” ಎಂದಳು ಮೆಹಬೂಬಿ.

“ನಂದೂ.”

“ನಂದೂ ತಗೋ. ಹೊಲದ ಬೋರಿಂದೂ ತಗೋ.”

ಒಬ್ಬರ ಮೇಲೊಬ್ಬರು ಕೂಗಿದರು. ನೀಲಗಂಗಾಳ ಮುಂದಿನ ಪರದೆಯಲ್ಲಿ ಹೆಸರುಗಳು ಒಂದರ ಕೆಳಗೊಂದು ಏರುತ್ತ ಹೋದವು. ಅವಳಿಗೆ ಅಳುವೂ ಬಂತು, ಒಂದು ಹುಚ್ಚು ಆಸೆಯೂ ಹುಟ್ಟಿತು. ಇಷ್ಟು ಜನರ ಮಾತಾದರೂ ತೂಗಲಿಕ್ಕಿಲ್ಲವೇ?

ಗೋಡೆವ್ವ ಎಲ್ಲರದನ್ನೂ ಕೇಳಿಸಿಕೊಂಡು, ಅದೇ ಮರ್ಯಾದೆಯ ದನಿಯಲ್ಲಿ ಹೇಳಿದಳು: “ನಿಮ್ಮದು ದೊಡ್ಡ ಮನಸ್ಸು ಅದ್ರಿ. ಆದರ ನಿಮ್ಮ ಪಾಲೆಲ್ಲಾ ನೀವು ಆಗಲೇ ಬಿಟ್ಟುಕೊಟ್ಟೀರಿ. ಇನ್ನ ಕೊಡಾಕ ನಿಮ್ಮ ಕಡೆ ಏನೂ ಉಳದಿಲ್ರಿ.”

ಹನುಮಂತರಾಯ ಸಿಡಿದ: “ಆ ಕಲ್ಲಿದ್ದಲ ರಾಕ್ಷಸ ಆದ್ರ ಯಾರನ್ನೂ ಕೇಳ್ತಿರ್ಲಿಲ್ಲ, ಸುಮ್ನ ಕರೆಂಟ್ ಕೊಡ್ತಿತ್ತು!”

“ಹಂಗನಬ್ಯಾಡೋ,” ಎಂದ ಅಮರಪ್ಪ, ಮಂಚದಿಂದ. “ಅದು ಕೊಟ್ಟದ್ದ... ನನ್ನ ಎದ್ಯಾಗ ಅದ.”

ಅವನ ದನಿಯನ್ನು ನೀಲಗಂಗಾ ಕೇಳಿದ್ದು ಅದೇ ಕೊನೆ.

ಆಂಬುಲೆನ್ಸು ಬರುವಂತಿರಲಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಕರೆಂಟಿತ್ತು, ಆದರೆ ಅಲ್ಲಿಗೆ ಹೋಗಲು ಬಂಡಿಯಿರಲಿಲ್ಲ. ಚೆನ್ನವೀರನೇ ತರಕಾರಿಯ ತಳ್ಳುಗಾಡಿ ತಂದ. ಗಾಡಿಯ ಮೇಲೆ ಗಾದಿ ಹಾಸಿ ಅಮರಪ್ಪನನ್ನು ಒರಗಿಸಿ ಕೂರಿಸಿದರು. ಧೂಳು ಒಳಹೋಗದಂತೆ ವೈನಿ ತನ್ನ ಸೆರಗನ್ನು ನೆನೆಸಿ ಅವನ ಮೂಗಿಗೆ ಹಿಡಿದಳು. ಇದನ್ನೆಲ್ಲ ಅವಳು ಫೋನನ್ನು ಕುಬುಸದೊಳಗೆ ಸಿಕ್ಕಿಸಿಕೊಂಡೇ ಹೇಳುತ್ತಿದ್ದಳು. ಮುಂದೆ ಇಬ್ಬರು ಎಳೆದರು, ಹಿಂದೆ ನಾಲ್ಕು ಜನ ನೂಕಿದರು, ಹೆಂಗಸರು ಪಕ್ಕದಲ್ಲಿ ಓಡಿದರು. ಸ್ಥಾವರದ ಹಳೆಯ ಚಿಮಣಿಯ ಮಗ್ಗುಲಿನ ದಾರಿ ಹಿಡಿದು ಗಾಡಿ ಹೊರಟಿತು.

ನೀಲಗಂಗಾಳಿಗೆ ಕುಳಿತುಕೊಳ್ಳಲಾಗಲಿಲ್ಲ. ನಿಲ್ಲಲೂ ಆಗಲಿಲ್ಲ. ಹೊರಗೆ ಹೋಗಿ ರಸ್ತೆಯಲ್ಲಿ ನಿಂತಳು. ಕಣ್ಣು ಹಾಯಿಸಿದಷ್ಟು ದೂರಕ್ಕೂ ಒಂದು ವಾಹನ ಕದಲುತ್ತಿರಲಿಲ್ಲ. ಓಡಿಕೊಂಡು ಹೋದರೂ ಊರು ಮುಟ್ಟುವುದು ಮರುದಿನವೇ. ಮತ್ತೆ ಒಳಗೆ ಬಂದಳು. ಇಡೀ ಸೀಮೆಯ ವಿದ್ಯುತ್ತು ಅವಳ ಕಣ್ಣ ಮುಂದೆ ಹರಿಯುತ್ತಿತ್ತು. ಒಂದು ಬಲ್ಬು ಹಚ್ಚುವಷ್ಟೂ ಅವಳ ಕೈಯಲ್ಲಿರಲಿಲ್ಲ. ಇಷ್ಟು ಓದಿ, ಇಷ್ಟು ಕಲಿತು, ತಾನು ಪರದೆ ನೋಡುವವಳು ಮಾತ್ರವಾದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆ ಬಂತು. ದಸ್ತಗೀರ ನೀರಿನ ಲೋಟ ತಂದು ಅವಳ ಕೈಗಿಟ್ಟು, ಪಕ್ಕದಲ್ಲಿ ಕುಳಿತು, ತುಟಿಯಲ್ಲೇ ಏನೋ ಪ್ರಾರ್ಥನೆ ಹೇಳಿಕೊಳ್ಳತೊಡಗಿದ.

“ಎಲ್ಲಿದ್ದೀರಿ ವೈನಿ?” ಎಂದು ಅವಳು ಗಳಿಗೆಗೊಮ್ಮೆ ಕೇಳುತ್ತಿದ್ದಳು.

“ಚಿಮಣಿ ದಾಟಿದ್ವಿ ನೀಲವ್ವಾ.”

“ಮಾತಾಡ್ತಾನೇನು?”

“ಕಣ್ಣ ಬಿಟ್ಟಾರ. ಕೈ ಹಿಡದಾರ.”

ಇನ್ನೊಂದು ಸಲ ಕೇಳಿದಾಗ “ಹಳ್ಳದ ಏರಿ ಬಂತು, ನೂಕಾಕತ್ತಾರ” ಎಂದಳು. ಅದಾದ ಮೇಲೆ ಗಾಲಿಯ ಕಿರುಗುಟ್ಟುವಿಕೆ ಬಿಟ್ಟರೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ.

ಸಂಜೆಯಾಗುವ ಹೊತ್ತಿಗೆ ಕರಾವಳಿಯ ಕಡೆಯಿಂದ ಗಾಳಿ ಎದ್ದಿತು. ಮೊದಲು ಪರದೆಯ ಮೂಲೆಯಲ್ಲೊಂದು ಗಾಳಿಗಿರಣಿ ತಿರುಗಿತು, ಆಮೇಲೆ ಹತ್ತು, ಆಮೇಲೆ ಗುಡ್ಡದ ಸಾಲೇ ತಿರುಗಿತು. ಹಳದಿಗಳು ಹಸಿರಾದವು. ಬೂದುಬಣ್ಣದ ಚುಕ್ಕೆಗಳು ಹಳದಿಯಾದವು. ಸಮತೂಕ ಒಂದೊಂದೇ ಊರನ್ನು ಲೆಕ್ಕದ ಪ್ರಕಾರ ಎಬ್ಬಿಸುತ್ತ ಬಂದು, ಎಲ್ಲರಿಗಿಂತ ಕೊನೆಗೆ ಕರಿಹೊಂಡದ ಕಾಲೋನಿಯನ್ನು ಮುಟ್ಟಿತು. ಕಾಲೋನಿ ಹಸಿರಾಯಿತು. ಪೂರ್ತಿ ಹಸಿರು.

ನೀಲಗಂಗಾ ಕುರ್ಚಿ ಕೆಡವಿಕೊಂಡು ಎದ್ದಳು.

“ವೈನಿ! ಕರೆಂಟ್ ಬಂತ್ರಿ! ಮನ್ಯಾಗ ಯಂತ್ರ ಚಾಲೂ ಆಗಿರ್ತದ. ಆಸ್ಪತ್ರಿ ದೂರ ಆಗ್ತದ, ಗಾಡಿ ಹೊಳ್ಳಿಸ್ರಿ! ವೈನಿ, ಕೇಳಾಕತ್ತದೇನ್ರಿ? ಅಣ್ಣನ್ನ ಮನಿಗೆ ಕರ್ಕೊಂಡು ಹೋಗ್ರಿ!”

ಅತ್ತ ಗಾಲಿಯ ಸದ್ದಿರಲಿಲ್ಲ. ಗಾಳಿ ಬೀಸುವ ಸದ್ದು ಮಾತ್ರ ಇತ್ತು. ಬಸಲಿಂಗಮ್ಮ ಮಾತಾಡಿದಾಗ ಅವಳ ದನಿಯಲ್ಲಿ ಅಳುವಿರಲಿಲ್ಲ. ಮನೆಯ ಹಿರಿಯಳು ದಣಿದು ಬಂದ ಕಿರಿಯಳಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದಳು:

“ಮನಿಗೇ ಹೊಂಟೀವಿ ನೀಲವ್ವಾ. ಈಗೇನು ಅವಸರ ಇಲ್ಲ. ನಿನ್ನ ಕೆಲಸ ಎಲ್ಲಾ ಮುಗಿಸ್ಕೊಂಡು, ಸಾವಕಾಶ ಬಾರವ್ವಾ.”